ಫೇರೋನ ಮೈಯಲ್ಲಿ ಎಷ್ಟು ಚೌಕ?

ಅಖೆನಾತೆನ್‌ನ ಶಿಲ್ಪವನ್ನು ಮೊದಲ ಸಲ ಕಂಡವರು ತಬ್ಬಿಬ್ಬಾಗುತ್ತಾರೆ. ಉದ್ದನೆಯ ಮುಖ, ಸಪೂರ ಕತ್ತು, ಇಳಿಬಿದ್ದ ಹೊಟ್ಟೆ, ಅಗಲ ಸೊಂಟ, ಸಣಕಲು ಕಾಲು. ಕ್ರಿ.ಪೂ. 14ನೇ ಶತಮಾನದಲ್ಲಿ ಈಜಿಪ್ಟನ್ನು ಆಳಿ, ಸೂರ್ಯಬಿಂಬವಾದ ಆತೆನ್‌ ಒಂದನ್ನೇ ಪೂಜಿಸಬೇಕೆಂದ ದೊರೆ ಈತ. ಇವನಿಗೆ ಮಾರ್ಫಾನ್ ಸಿಂಡ್ರೋಮ್ ಇತ್ತು, ಹಾರ್ಮೋನಿನ ತೊಂದರೆ ಇತ್ತು ಎಂದೆಲ್ಲ ವೈದ್ಯರು ಬರೆದಿದ್ದಾರೆ. ಕಲ್ಲನ್ನು ನೋಡಿ ಕಾಯಿಲೆ ಹೇಳುವ ಈ ಹಾದಿ ಬಿಟ್ಟು, ಕಲಾ ಇತಿಹಾಸಜ್ಞೆ ಗೇ ರಾಬಿನ್ಸ್ ಅಳತೆಗೆ ಕೂತರು.

ಈಜಿಪ್ಟಿನ ಕಲಾವಿದರು ಕೆಂಪು ಬಣ್ಣದಲ್ಲಿ ಅದ್ದಿದ ದಾರವನ್ನು ಗೋಡೆಗೆ ಬಿಗಿಹಿಡಿದು, ಮೀಟಿ ಬಿಟ್ಟು, ಗೆರೆ ಮೂಡಿಸುತ್ತಿದ್ದರು. ಅಡ್ಡಗೆರೆ, ಉದ್ದಗೆರೆ ಸೇರಿ ಚೌಕಗಳಾಗುತ್ತಿದ್ದವು. ಕೆಲಸ ಮುಗಿಯದೆ ಉಳಿದ ಗೋಡೆಗಳಲ್ಲಿ ಆ ಗೆರೆಗಳು ಇಂದಿಗೂ ಕಾಣುತ್ತವೆ. ನಿಂತ ಆಕೃತಿಗೆ ಅಂಗಾಲಿನಿಂದ ಹಣೆಯ ಕೂದಲಿನ ಅಂಚಿನವರೆಗೆ 18 ಚೌಕ. ಮೊಣಕಾಲು 6ನೇ ಗೆರೆಗೆ, ಕತ್ತು ಹೆಗಲಿಗೆ ಕೂಡುವ ಜಾಗ 16ನೇ ಗೆರೆಗೆ. ಕುಳಿತ ಆಕೃತಿಯಾದರೆ 14. ಆಕೃತಿ ಆಳೆತ್ತರವಿರಲಿ, ಗೇಣುದ್ದವಿರಲಿ, ಚೌಕದ ಗಾತ್ರ ಬದಲಾಗುತ್ತಿತ್ತೇ ಹೊರತು ಲೆಕ್ಕ ಬದಲಾಗುತ್ತಿರಲಿಲ್ಲ.

ರಾಬಿನ್ಸ್ ಈ ಗೆರೆಗಳನ್ನು ಕಲೆಹಾಕಿದರು. ಗೆರೆ ಅಳಿಸಿಹೋದ ಕಡೆ ತಾವೇ ಚೌಕಗಳನ್ನು ಊಹಿಸಿ ಹಾಕಿ ಆಕೃತಿಗಳನ್ನು ಅಳೆದರು. ಈಜಿಪ್ಟಿನ ಕಲೆಯ ಪ್ರಮಾಣ ಮತ್ತು ಶೈಲಿಯ ಬಗ್ಗೆ 1994ರಲ್ಲಿ ಬಂದ ಅವರ ಪುಸ್ತಕದಲ್ಲಿ ಇದೆಲ್ಲ ವಿವರವಾಗಿದೆ. ಅಖೆನಾತೆನ್‌ನ ಕಾಲಕ್ಕೆ ಬಂದಾಗ ಅವರಿಗೆ ಸಿಕ್ಕಿದ್ದು 20 ಚೌಕ. ಹೆಚ್ಚುವರಿ ಎರಡೂ ಮೈಯ ಮೇಲ್ಭಾಗಕ್ಕೆ, ಅಂದರೆ ಮುಂಡಕ್ಕೂ ಕತ್ತು–ಮುಖಕ್ಕೂ ಸೇರಿದ್ದವು. ಮೊಣಕಾಲಿನ ಕೆಳಗಿನ ಪಾಲು ಬೆಳೆಯಲಿಲ್ಲ; ಅದಕ್ಕೇ ಕಾಲು ಗಿಡ್ಡವಾಗಿ ಕಾಣುತ್ತದೆ. ಕೆತ್ತುವವನ ಕೈತಪ್ಪಿನಿಂದಲೋ ಕಂಡದ್ದನ್ನು ಕಂಡ ಹಾಗೆ ಬಿಡಿಸುವ ಹಟದಿಂದಲೋ ಹೀಗಾಗುವುದಿಲ್ಲ. ಉಳಿ ಹಿಡಿಯುವ ಮೊದಲೇ ಯಾರೋ ನಿಯಮವನ್ನೇ ತಿದ್ದಿದ್ದಾರೆ. ರಾಣಿ ನೆಫರ್ತಿತಿ, ಅವಳ ಹೆಣ್ಣುಮಕ್ಕಳು, ಆಸ್ಥಾನಿಕರು ಕೂಡ ಇದೇ ಅಚ್ಚಿನಲ್ಲಿ ಮೂಡಿದ್ದಾರೆ. ಇದು ರೋಗವಾಗಿದ್ದರೆ ಇಡೀ ಅರಮನೆಗೆ ಹಬ್ಬಿರಬೇಕಿತ್ತು! ಹೊಸ ದೇವರಿಗೆ ಹೊಸ ಮೈ ಬೇಕಾಗಿತ್ತು ಎಂಬ ವಾದವೇ ನನಗೆ ಒಪ್ಪಿಗೆಯಾಗುತ್ತದೆ. ಅಖೆನಾತೆನ್‌ನ ಕಾಲ ಮುಗಿದ ಮೇಲೆ ಕಲಾವಿದರು ಮತ್ತೆ 18ಕ್ಕೆ ಮರಳಿದರು.

ಮೈಯ ಅಳತೆಯಂತೆ ಸಂಕೇತವನ್ನೂ ಎಣಿಸಿ ನೋಡಬಹುದು, ಏಕೆಂದರೆ ಅದು ಮರುಕಳಿಕೆಯಿಂದ ಹುಟ್ಟುತ್ತದೆ. ಒಂದು ಕಿರೀಟ, ಒಂದು ಬಣ್ಣ, ಒಂದು ದಿಕ್ಕು ಒಮ್ಮೆ ಕಂಡರೆ ಆಕಸ್ಮಿಕವಿರಬಹುದು. ಬೇಕಾದ ಕಡೆಯಲ್ಲೆಲ್ಲ ಕಂಡು ಬೇಡದ ಕಡೆ ಕಾಣದಿದ್ದರೆ ಅದಕ್ಕೆ ಅರ್ಥವಿದೆ. ಆದ್ದರಿಂದ ಎಣಿಸುವವರು ಇರುವುದರ ಜೊತೆಗೆ ಇಲ್ಲದಿರುವುದನ್ನೂ ಎಣಿಸಬೇಕು. ದೊರೆ ಬಲಕ್ಕೆ ಮುಖ ಮಾಡಿರುವ ಚಿತ್ರವನ್ನು ತೋರಿಸಿ ಅದರಲ್ಲಿ ಗೂಢಾರ್ಥ ಹುಡುಕುವವರಿದ್ದಾರೆ. ಆದರೆ ಈಜಿಪ್ಟಿನ ಚಿತ್ರಲಿಪಿ ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಸಾಗುತ್ತದೆ, ಅದರೊಳಗಿನ ಪ್ರಾಣಿ, ಮನುಷ್ಯರೆಲ್ಲ ಬಲಕ್ಕೆ ನೋಡುತ್ತಾರೆ. ಚಿತ್ರವೂ ಬರವಣಿಗೆಯ ಹಾದಿಯನ್ನೇ ಹಿಡಿದದ್ದರಿಂದ ಬಲಮುಖವೇ ಅಲ್ಲಿನ ವಾಡಿಕೆ. ಹೆನ್ರಿ ಫಿಷರ್ ಎಂಬ ವಿದ್ವಾಂಸರು ಇದನ್ನು ವಿಸ್ತಾರವಾಗಿ ತೋರಿಸಿಕೊಟ್ಟರು. ಎಡಕ್ಕೆ ತಿರುಗಿದ ಆಕೃತಿಗಳಲ್ಲಿ ದಂಡ ಯಾವ ಕೈಯಲ್ಲಿರಬೇಕೆಂದು ಕಲಾವಿದರೇ ಗೊಂದಲಕ್ಕೆ ಬಿದ್ದಿದ್ದಾರೆ. ಹಾಗಾಗಿ ವಿಚಾರಿಸಬೇಕಾದದ್ದು ಎಡಮುಖದ ದೊರೆಯನ್ನು: ಅವನು ಯಾವ ಗೋಡೆಯಲ್ಲಿದ್ದಾನೆ, ಎದುರಿಗಿರುವ ದೇವರು ಯಾರು, ಬಾಗಿಲು ಯಾವ ಕಡೆಗಿದೆ? ಒಂದೇ ಗೋಡೆಯಲ್ಲಿ ಒಂದೇ ತಂಡ ಕೆತ್ತಿದ ನಲವತ್ತು ಆಕೃತಿಗಳನ್ನು ನಲವತ್ತು ಬೇರೆ ಬೇರೆ ಸಾಕ್ಷಿಗಳೆಂದು ಲೆಕ್ಕ ಹಿಡಿಯುವುದೂ ತಪ್ಪೇ.

ಎಣಿಕೆಯಿಂದ ಹಳೆಯ ಕಥೆಯೊಂದು ಬದಲಾದದ್ದಕ್ಕೆ ರಾಣಿ ಹತ್ಶೆಪ್ಸುಟ್‌ಳ ವಿಗ್ರಹಗಳಿಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಕ್ರಿ.ಪೂ. 15ನೇ ಶತಮಾನದಲ್ಲಿ ಫೇರೋ ಆಗಿ ಆಳಿದ ಹೆಂಗಸು ಈಕೆ. ದೇರ್ ಎಲ್–ಬಹ್ರಿಯ ಅವಳ ದೇಗುಲದ ಬಳಿ 1920ರ ದಶಕದಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನವರು ಅಗೆದಾಗ ವಿಗ್ರಹಗಳ ಚೂರುಗಳು ರಾಶಿರಾಶಿಯಾಗಿ ಸಿಕ್ಕವು. ಮಲಮಗ, ಮೂರನೇ ಥತ್‌ಮೋಸ್ ಹಗೆ ತೀರಿಸಿಕೊಂಡ ಎಂಬ ಕಥೆ ಅಲ್ಲಿಂದ ಬೇರೂರಿತು. ಟೊರಾಂಟೊ ವಿಶ್ವವಿದ್ಯಾಲಯದ ಜುನ್ ಯಿ ವಾಂಗ್ ಆ ಉತ್ಖನನದ ಟಿಪ್ಪಣಿ, ರೇಖಾಚಿತ್ರ, ಫೋಟೊಗಳನ್ನು ಮತ್ತೆ ತೆರೆದು, ಯಾವ ವಿಗ್ರಹ ಎಲ್ಲಿ ಮುರಿದಿದೆ ಎಂದು ಒಂದೊಂದಾಗಿ ನೋಡಿದರು. 2025ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಕತ್ತು, ಸೊಂಟ, ಮೊಣಕಾಲು ಎಂಬ ಮೂರು ಕಡೆ ಮುರಿಯುವ ಕ್ರಮ ಮತ್ತೆ ಮತ್ತೆ ಕಂಡಿತು. ಅನೇಕ ಮುಖಗಳು ಮಾತ್ರ ಬಹುಪಾಲು ಹಾಗೆಯೇ ಉಳಿದಿದ್ದವು. ಸಿಟ್ಟಿಗೆ ಒಡೆಯುವವನು ಮೊದಲು ಮುಖಕ್ಕೇ ಹೊಡೆಯುತ್ತಾನಲ್ಲ. ಕತ್ತು, ಸೊಂಟ, ಮೊಣಕಾಲಿನಲ್ಲಿ ಮುರಿಯುವುದು ವಿಗ್ರಹದ ಶಕ್ತಿಯನ್ನು ತೆಗೆಯುವ ಶಾಸ್ತ್ರ. ಬೇರೆ ಫೇರೋಗಳ ವಿಗ್ರಹಗಳಿಗೂ ಅದು ನಡೆದಿದೆ. ಉಳಿದ ಹಾನಿಗೆ, ಚೂರುಗಳನ್ನು ಆಮೇಲೆ ಕಟ್ಟಡದ ಕಲ್ಲಾಗಿ ಬಳಸಿದ್ದೂ ಕಾರಣ. ಥತ್‌ಮೋಸ್ ಅವಳ ಹೆಸರನ್ನು ಅಳಿಸಿದ್ದು ಸುಳ್ಳಾಗುವುದಿಲ್ಲ, ಆದರೆ ವಿಗ್ರಹಗಳ ವಿಷಯದಲ್ಲಿ ನೂರು ವರ್ಷ ಹೇಳಿಕೊಂಡು ಬಂದ ಹಗೆಯ ಕಥೆ ಸಡಿಲವಾಯಿತು.

ಪುರಾತತ್ವದಲ್ಲಿ ಅಂಕಿ ಅಂಶದ ಆರಂಭದ ಪ್ರಯೋಗಗಳಲ್ಲಿ ಒಂದು ನಡೆದದ್ದೂ ಈಜಿಪ್ಟಿನಲ್ಲೇ. ಬರಹವಿಲ್ಲದ ಕಾಲದ ಗೋರಿಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯಲು ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ 900 ಗೋರಿಗಳ ಮಡಕೆಗಳ ವಿವರವನ್ನು ಚೀಟಿಗಳಲ್ಲಿ ಬರೆದು, ಹೋಲುವವು ಹತ್ತಿರ ಬರುವಂತೆ ಜೋಡಿಸುತ್ತ ಹೋದ. 1899ರಲ್ಲಿ ಪ್ರಕಟವಾದ ಈ ವಿಧಾನವನ್ನು 1960ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಕೆಂಡಾಲ್ ಪರೀಕ್ಷಿಸಿ, 19ನೇ ಶತಮಾನದ ದೊಡ್ಡ ಅನ್ವಯಿಕ ಗಣಿತಜ್ಞರ ಸಾಲಿಗೆ ಪೆಟ್ರಿಯನ್ನು ಸೇರಿಸಿದರು. ಅದೇ ಪೆಟ್ರಿ, ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್‌ನ ಒತ್ತಾಸೆಯಿಂದ ಈಜಿಪ್ಟಿನ ಶಿಲ್ಪಗಳ ಪರದೇಶಿ ಸೆರೆಯಾಳುಗಳ ಮುಖಗಳನ್ನು ‘ಜನಾಂಗ’ಗಳಾಗಿ ವಿಂಗಡಿಸಲು ಹೊರಟದ್ದನ್ನೂ ಮರೆಯಬಾರದು. ದೊರೆಯ ಗೆಲುವನ್ನು ಸಾರಲು ಕೆತ್ತಿದ ಮುಖಗಳನ್ನು ಅವರು ಜೀವಂತ ಮನುಷ್ಯರ ಫೋಟೊ ಎಂದುಕೊಂಡರು. ಕೇಳಿದ ಪ್ರಶ್ನೆಯೇ ಕೆಟ್ಟದ್ದಾಗಿತ್ತು. ಅಂಥ ಪ್ರಶ್ನೆಗೆ ಎಷ್ಟು ಕರಾರುವಾಕ್ಕಾಗಿ ಅಳೆದರೂ ಒಳ್ಳೆಯ ಉತ್ತರ ಬರುವುದಿಲ್ಲ.

ನೈಲ್ ಕಣಿವೆಯ ಈ ಲೆಕ್ಕಾಚಾರದಲ್ಲಿ ನಮ್ಮ ನೆಲದವರೊಬ್ಬರ ಪಾಲೂ ಇದೆ. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1946ರಲ್ಲಿ ಕೇಂಬ್ರಿಜ್‌ಗೆ ಹೋದದ್ದು ಸುಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸಲು. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ರೂಪಿಸಿದ ‘ದೂರ’ದ ಸೂತ್ರವನ್ನು ಅವರು ಅಲ್ಲಿ ಬಳಸಿದರು, ಆ ವಿಶ್ಲೇಷಣೆಯ ಗ್ರಂಥ 1955ರಲ್ಲಿ ಬಂತು. ಅವರು ಅಳೆದದ್ದು ಮೂಳೆಯನ್ನು, ಕಲೆಯನ್ನಲ್ಲ ನಿಜ. ಆದರೆ ಒಂದಕ್ಕೊಂದು ತಳುಕು ಹಾಕಿಕೊಂಡ ಹತ್ತಾರು ಅಳತೆಗಳನ್ನು ಒಟ್ಟಿಗೆ ಇಟ್ಟು ಎರಡು ಗುಂಪುಗಳು ಎಷ್ಟು ದೂರ ಎಂದು ಹೇಳುವ ಆ ಗಣಿತ, ಕಣ್ಣು, ಮೂಗು, ತುಟಿಗಳ ಅಳತೆಯಿಂದ ಎರಡು ಕಾಲದ ವಿಗ್ರಹಗಳನ್ನು ಹೋಲಿಸಲೂ ಒದಗುತ್ತದೆ.

ಕೆಲವು ಕಡೆ ಬರೀ ಕೂಡುವ ಲೆಕ್ಕವೇ ಸಾಕು. ಫೇರೋ ಟುಟಾಂಖಮುನ್‌ನ ಸಮಾಧಿಯಲ್ಲಿ, ಪರಲೋಕದಲ್ಲಿ ದೊರೆಯ ಬದಲು ದುಡಿಯಲೆಂದು ಇಟ್ಟ 413 ಉಷಬ್ತಿ ಗೊಂಬೆಗಳು ಸಿಕ್ಕವು. ದಿನಕ್ಕೊಬ್ಬನಂತೆ 365 ಆಳುಗಳು, ಹತ್ತು ದಿನದ ವಾರಕ್ಕೊಬ್ಬನಂತೆ 36 ಮೇಸ್ತ್ರಿಗಳು, ತಿಂಗಳಿಗೊಬ್ಬನಂತೆ 12 ಮೇಲ್ವಿಚಾರಕರು. ಆ ಸಮಾಧಿಯ ವಸ್ತುಗಳ ಬಗ್ಗೆ ಅದನ್ನು ಅಗೆದ ಹೊವಾರ್ಡ್ ಕಾರ್ಟರ್ ಮತ್ತು ಸಂಗಡಿಗರು ಬರೆದಿಟ್ಟ ಕಾರ್ಡುಗಳು, ತೆಗೆದ ಫೋಟೊಗಳು ಆಕ್ಸ್‌ಫರ್ಡಿನ ಗ್ರಿಫಿತ್ ಸಂಸ್ಥೆಯ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ನಮ್ಮ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರ ಓದುತ್ತಿರುವ ಮಕ್ಕಳು, ಇತಿಹಾಸ ಓದುತ್ತಿರುವ ಗೆಳೆಯರನ್ನು ಜೊತೆಗೆ ಕೂರಿಸಿಕೊಂಡು ಅವನ್ನೊಮ್ಮೆ ತೆರೆಯಲಿ.