ಜಾರದ ಚಕ್ರ



ನಮ್ಮ ಇಟಿಕ್ಯಾಲದ ಸಮೀಪ ಹಾದುಹೋಗುವ ಹೈದರಾಬಾದು-ಬೆಂಗಳೂರು ಹೆದ್ದಾರಿಯನ್ನು ನೀವೆಲ್ಲರೂ ಬಲ್ಲಿರಿ. ಬೀಚುಪಲ್ಲಿಯಲ್ಲಿ ಕೃಷ್ಣೆಯ ಸೇತುವೆ ದಾಟಿದ ವಾಹನಗಳು ಎರ್ರವಳ್ಳಿ ಚೌರಸ್ತೆಯತ್ತ ಧಾವಿಸುತ್ತವೆ. ಮುಂಗಾರಿನ ಮೊದಲ ಹನಿಗಳು ಬಿದ್ದಾಗ ರಸ್ತೆಯ ಮೇಲಿನ ಧೂಳೂ ಎಣ್ಣೆಯೂ ನೀರಿನಲ್ಲಿ ಬೆರೆತು ಜಾರುವ ಲೇಪವಾಗುತ್ತದೆ. ಆಗ ಎಮ್ಮೆಯೊಂದು ಅಡ್ಡ ಬಂದಿತೆನ್ನಿ. ಚಾಲಕನು ಗಾಬರಿಯಿಂದ ಬ್ರೇಕು ಅದುಮುತ್ತಾನೆ. ಚಕ್ರ ನಿಲ್ಲುತ್ತದೆ; ಆದರೆ ವಾಹನ ನಿಲ್ಲುವುದಿಲ್ಲ! ಇದೇಕೆ?

ಜೋಳದ ಮೂಟೆಯನ್ನು ನೆಲದ ಮೇಲೆ ತಳ್ಳಿ ನೋಡಿರಿ. ಅದನ್ನು ಕದಲಿಸುವುದು ಕಷ್ಟ. ಒಮ್ಮೆ ಜಾರತೊಡಗಿದರೆ ತಳ್ಳುವುದು ಸುಲಭ. ಜಾರುವ ವಸ್ತುವಿನ ಘರ್ಷಣೆ ಕಡಿಮೆ ಎಂಬುದೇ ಇದರ ಅರ್ಥ. ಉರುಳುವ ಚಕ್ರದಲ್ಲಿ ನೆಲ ಮುಟ್ಟಿದ ಭಾಗವು ಆ ಕ್ಷಣಕ್ಕೆ ಜಾರದೆ ನೆಲವನ್ನು ಹಿಡಿದಿರುತ್ತದೆ. ಚಕ್ರ ಬಿಗಿದು ನಿಂತರೆ ಆ ಹಿಡಿತ ತಪ್ಪುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ವಾಹನ ತಿರುಗದೆ ನೇರವಾಗಿ ಜಾರುತ್ತದೆ.

ಇದನ್ನು ತಪ್ಪಿಸುವ ಸಾಧನವೇ ಎ.ಬಿ.ಎಸ್. ಚಕ್ರದ ಬಳಿ ಇರುವ ಸೆನ್ಸಾರು ಅದರ ವೇಗವನ್ನು ಸದಾ ಅಳೆಯುತ್ತದೆ. ಚಕ್ರ ಇದ್ದಕ್ಕಿದ್ದಂತೆ ನಿಲ್ಲುವ ಸೂಚನೆ ಸಿಕ್ಕೊಡನೆ ಪುಟ್ಟ ಗಣಕವೊಂದು ಕವಾಟಗಳ ಮೂಲಕ ಬ್ರೇಕು ಎಣ್ಣೆಯ ಒತ್ತಡವನ್ನು ತಗ್ಗಿಸುತ್ತದೆ. ಚಕ್ರ ಉರುಳಿದೊಡನೆ ಮತ್ತೆ ಒತ್ತಡ ಏರಿಸುತ್ತದೆ. ಈ ಬಿಡುವ, ಹಿಡಿಯುವ ಕೆಲಸ ಸೆಕೆಂಡಿಗೆ ಹಲವಾರು ಬಾರಿ ನಡೆಯುತ್ತದೆ. ಆಗ ಕಾಲಡಿಯ ಪೆಡಲು ನಡುಗುತ್ತದೆ. ಹೆದರಿ ಕಾಲು ತೆಗೆಯಬಾರದು. ಒತ್ತಿಯೇ ಹಿಡಿದು ವಾಹನವನ್ನು ಪಕ್ಕಕ್ಕೆ ತಿರುಗಿಸಬೇಕು.

ಇಂಥ ಉಪಾಯವನ್ನು ಮೊದಲು ವಿಮಾನಗಳಲ್ಲಿ ಬಳಸಿದರು. 1978ರಲ್ಲಿ ಜರ್ಮನಿಯ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎ.ಬಿ.ಎಸ್. ಮರ್ಸಿಡಿಸ್ ಕಾರಿಗೆ ಬಂದಿತು. ನಮ್ಮ ದೇಶದಲ್ಲಿ 2019ರ ಏಪ್ರಿಲ್ 1ರಿಂದ ಹೊಸ ಕಾರುಗಳಿಗೂ, 125 ಸಿ.ಸಿ.ಗಿಂತ ದೊಡ್ಡ ಹೊಸ ಮೋಟಾರ್ ಸೈಕಲ್ಲುಗಳಿಗೂ ಇದು ಕಡ್ಡಾಯವಾಯಿತು. ಕೆಲವು ಮೋಟಾರ್ ಸೈಕಲ್ಲುಗಳಲ್ಲಿ ಇದು ಮುಂದಿನ ಚಕ್ರಕ್ಕೆ ಮಾತ್ರ ಇರುತ್ತದೆ ಎಂಬುದನ್ನು ಮರೆಯಬೇಡಿ.

ಆದರೆ ಇದು ಮಂತ್ರದಂಡವಲ್ಲ. ಸಡಿಲ ಮರಳು, ಗರಸಿನ ಮೇಲೆ ಎ.ಬಿ.ಎಸ್. ಇದ್ದ ವಾಹನ ನಿಲ್ಲಲು ಹೆಚ್ಚು ದೂರ ಬೇಕಾಗಬಹುದು. ಸವೆದ ಟೈರಿಗೆ ಅದು ಹೊಸ ಹಿಡಿತ ಕೊಡಲಾರದು. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ಓಡುವ ದೂರ ನಾಲ್ಕರಷ್ಟಾಗುತ್ತದೆ; ಈ ಲೆಕ್ಕವನ್ನು ಯಾವ ಯಂತ್ರವೂ ಅಳಿಸಲಾರದು.

ಆದ್ದರಿಂದ ಮನೆಯಲ್ಲಿ ಬೈಕು ಹತ್ತುವ ಅಣ್ಣಂದಿರಿಗೆ ಇದನ್ನು ತಿಳಿಸಿರಿ. ರಸ್ತೆ ದಾಟುವಾಗ ನೀವೂ ನೆನಪಿಡಿ: ಬರುವ ಲಾರಿಗೆ ಎಂಥ ಬ್ರೇಕಿದ್ದರೂ ಅದು ತಟ್ಟನೆ ನಿಲ್ಲದು. ನಿಧಾನವೇ ಪ್ರಧಾನ.