ಬಿಸಿಲಿಗೆ ಅಂಜದ ಹೂಗಿಡಗಳು

ಕಲಬುರಗಿ, ರಾಯಚೂರು, ವಿಜಯಪುರಗಳಂಥ ಊರುಗಳಲ್ಲಿ ಮನೆಯ ಮುಂದೆ ನಾಲ್ಕು ಹೂಗಿಡಗಳಿರಲೆಂದು ಹಂಬಲಿಸುವವರು, ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನ ಹಿತವಾದ ಹವೆಯಲ್ಲಿ ನಳನಳಿಸುತ್ತಿದ್ದ ಡೇಲಿಯ, ಕಾರ್ನೇಷನ್ ಮೊದಲಾದವುಗಳಿಗೆ ಮನಸೋತು, ಅವನ್ನು ಜತನದಿಂದ ತಂದು ನೆಟ್ಟು, ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವ ಏಪ್ರಿಲ್-ಮೇ ತಿಂಗಳುಗಳಲ್ಲಿ ಒಂದೊಂದಾಗಿ ಸುಟ್ಟು ಕರಕಾಗುವುದನ್ನು ಕಂಡು, ಕೊನೆಗೆ ತಮ್ಮ ಕೈಗುಣವನ್ನೇ ಹಳಿದುಕೊಳ್ಳುವುದುಂಟು. ದೋಷ ಕೈಗುಣದ್ದಲ್ಲ, ಆಯ್ಕೆಯದು. ಗಿಡವನ್ನು ಹೂವಿನ ಚೆಲುವು ನೋಡಿ ಆರಿಸುವುದಕ್ಕಿಂತ, ಅದು ನೀರನ್ನು ಹೇಗೆ ವೆಚ್ಚ ಮಾಡುತ್ತದೆಂಬುದನ್ನು ನೋಡಿ ಆರಿಸುವುದು ಬಿಸಿಲುನಾಡಿನವರಿಗೆ ಯುಕ್ತವಾದದ್ದು.

ಎಲೆಯ ಮೈಮೇಲೆ, ವಿಶೇಷವಾಗಿ ಅದರ ತಳಭಾಗದಲ್ಲಿ, ಬರಿಗಣ್ಣಿಗೆ ಕಾಣದ ಅಸಂಖ್ಯಾತ ಪತ್ರರಂಧ್ರಗಳಿರುವುವು. ಆಹಾರನಿರ್ಮಾಣಕ್ಕೆ ಅವಶ್ಯವಾದ ಇಂಗಾಲಾಮ್ಲ ಅನಿಲವು ಒಳಹೋಗುವುದೂ, ನೀರು ಆವಿಯಾಗಿ ಹೊರಬೀಳುವುದೂ ಇದೇ ದ್ವಾರಗಳಿಂದ. ಹೀಗೆ ಆವಿಯಾಗುವ ನೀರು, ಮಣ್ಣಿನ ಹೂಜಿಯಲ್ಲಿ ನಡೆಯುವಂತೆಯೇ, ಎಲೆಯನ್ನು ತಂಪಾಗಿಡುತ್ತದೆ. ಬೇರಿಗೆ ನೀರು ಸಾಲದಾದಾಗ ಗಿಡವು ರಂಧ್ರಗಳನ್ನು ಮುಚ್ಚಿಕೊಂಡು ಬಾಯಾರಿಕೆಯಿಂದ ಪಾರಾಗಬಹುದು. ಆದರೆ ಆಗ ಆಹಾರನಿರ್ಮಾಣ ನಿಲ್ಲುವುದಲ್ಲದೆ, ಅಗಲವಾದ ಎಲೆಯಾದರೆ ಸುತ್ತಣ ಗಾಳಿಗಿಂತ ಹಲವು ಡಿಗ್ರಿಗಳಷ್ಟು ಹೆಚ್ಚು ಕಾಯುತ್ತದೆ. ಹಸಿವು, ಬಾಯಾರಿಕೆ, ತಾಪ ಈ ಮೂರರ ನಡುವಣ ಸಂಕಟವನ್ನು ಯಾವ ಸಸ್ಯ ಯಾವ ಉಪಾಯದಿಂದ ಬಗೆಹರಿಸಿಕೊಂಡಿದೆ ಎಂಬುದರಲ್ಲೇ ಅದರ ಗ್ರೀಷ್ಮಸಹನೆ ಅಡಗಿರುತ್ತದೆ.

ಈ ಉಪಾಯಗಳಲ್ಲಿ ಅತ್ಯಂತ ವಿಚಿತ್ರವಾದುದೊಂದರ ಸುಳಿವು ಹಿಡಿದವರಲ್ಲಿ, ಟಿಪ್ಪುವಿನ ಪತನಾನಂತರ ಕೆಲವು ಕಾಲ ನಮ್ಮ ಲಾಲ್‌ಬಾಗಿನ ಮೇಲ್ವಿಚಾರಣೆ ವಹಿಸಿದ್ದ ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞನೂ ಒಬ್ಬನೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಎಲೆಯ ಅಂಚಿನಿಂದಲೇ ಮರಿಗಿಡಗಳನ್ನು ಹುಟ್ಟಿಸುವ ಕಾಡುಬಸಳೆಯನ್ನು ನಾವೆಲ್ಲರೂ ಬಲ್ಲೆವಷ್ಟೆ. ಅದರ ಎಲೆ ಮುಂಜಾನೆ ನಾಲಗೆಗೆ ಚೆನ್ನಾಗಿ ಹುಳಿಯಾಗಿಯೂ, ನಡುಹಗಲಿಗೆ ಸಪ್ಪೆಯಾಗಿಯೂ, ಸಂಜೆಗೆ ತುಸು ಕಹಿಯಾಗಿಯೂ ಇರುವುದನ್ನು ಆತ ಗಮನಿಸಿ ಬರೆದ ಪತ್ರವನ್ನು ಲಂಡನ್ನಿನ ಲಿನಿಯನ್ ಸೊಸೈಟಿ 1815ರಲ್ಲಿ ಪ್ರಕಟಿಸಿತು. ಪೂರ್ಣ ವಿವರಣೆ ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ: ಈ ಗಿಡ ಹಗಲೆಲ್ಲ ರಂಧ್ರಗಳನ್ನು ಮುಚ್ಚಿಕೊಂಡಿದ್ದು, ಗಾಳಿ ತಂಪಾದ ರಾತ್ರಿಯಲ್ಲಿ ತೆರೆದು, ಒಳಸೇರಿದ ಇಂಗಾಲಾಮ್ಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಮರುದಿನ ಬಿಸಿಲು ಬಂದಾಗ, ಬಾಗಿಲು ತೆರೆಯದೆಯೇ, ಆ ಸಂಚಯವನ್ನು ಒಡೆದು ಆಹಾರ ತಯಾರಿಸಿಕೊಳ್ಳುತ್ತದೆ. ಮುಂಜಾನೆಯ ಹುಳಿಗೆ ಇದೇ ಕಾರಣ. ಲೋಳೆಸರ, ಭೂತಾಳೆ, ಪಾಪಾಸುಕಳ್ಳಿಗಳದೂ ಇದೇ ಕ್ರಮ. ಇಂಥವಕ್ಕೆ ಮರುಕದಿಂದ ದಿನವೂ ನೀರುಣಿಸುವವರು ಬೇರು ಕೊಳೆಯಿಸಿ ಕೊಲ್ಲುವರೇ ಹೊರತು ಸಲಹುವುದಿಲ್ಲ.

ಇನ್ನೊಂದು ಉಪಾಯ ನಮ್ಮ ಹೊಲಗಳಿಗೆ ಚಿರಪರಿಚಿತವಾದುದು. ತಾಪ ಏರಿದಂತೆ ಬಹುಪಾಲು ಸಸ್ಯಗಳಲ್ಲಿ ಇಂಗಾಲಾಮ್ಲವನ್ನು ಹಿಡಿಯಬೇಕಾದ ಕಿಣ್ವವು ತಪ್ಪಿ ಆಮ್ಲಜನಕವನ್ನು ಹಿಡಿಯತೊಡಗಿ, ಗಳಿಸಿದ್ದರಲ್ಲಿ ಒಂದಂಶ ವ್ಯರ್ಥವಾಗುತ್ತದೆ. ಜೋಳ, ಸಜ್ಜೆ, ಕಬ್ಬುಗಳಾದರೋ ಇಂಗಾಲಾಮ್ಲವನ್ನು ಮೊದಲು ಬೇರೊಂದು ಕಿಣ್ವದಿಂದ ಹಿಡಿದು, ಎಲೆಯ ನರಗಳನ್ನು ಬಳಸಿ ನಿಂತ ಕೋಶಗಳಲ್ಲಿ ಸಾಂದ್ರವಾಗಿ ತುಂಬಿ, ಆ ತಪ್ಪಿಗೆ ಅವಕಾಶವನ್ನೇ ಕೊಡುವುದಿಲ್ಲ. ಆದ್ದರಿಂದ ರಂಧ್ರಗಳನ್ನು ಅರೆತೆರೆದರೂ ಅವುಗಳ ಕೆಲಸ ಸಾಗುತ್ತದೆ. ಕಬ್ಬಿನಲ್ಲಿ ಈ ಮಾರ್ಗವನ್ನು ಹ್ಯಾಚ್ ಮತ್ತು ಸ್ಲ್ಯಾಕ್ ಎಂಬಿಬ್ಬರು ಆಸ್ಟ್ರೇಲಿಯದಲ್ಲಿ 1966ರಲ್ಲಿ ವಿಶದಪಡಿಸಿದರು. ಕೈತೋಟಕ್ಕೆ ಬೇಕಾದ ಗರಿಕೆ, ದಂಟುಗಳು ಈ ವರ್ಗದವು. ಗೋಣಿಸೊಪ್ಪಂತೂ ನೀರಿದ್ದಾಗ ಜೋಳದ ಮಾರ್ಗವನ್ನೂ, ನೀರು ಬತ್ತಿದಾಗ ಕಾಡುಬಸಳೆಯ ಮಾರ್ಗವನ್ನೂ ಅನುಸರಿಸುವ ಅಪೂರ್ವ ಸಸ್ಯ. ಕುಂಡಗಳಲ್ಲಿ ಬಣ್ಣಬಣ್ಣವಾಗಿ ಅರಳುವ ಟೇಬಲ್ ರೋಸು ಅದರ ಹತ್ತಿರದ ಬಂಧುವೇ.

ಕಣಗಿಲೆಯ ಜಾಣ್ಮೆ ರಚನೆಯಲ್ಲಿದೆ. ಅದರ ತೊಗಲಿನಂಥ ಎಲೆಯನ್ನು ಮಗುಚಿ ಭೂತಗನ್ನಡಿಯಿಂದ ನೋಡಿದರೆ, ತಳದಲ್ಲಿ ಸಣ್ಣ ಸಣ್ಣ ಗುಳಿಗಳು ಕಾಣುವುವು. ರಂಧ್ರಗಳೆಲ್ಲವೂ ಆ ಗುಳಿಗಳ ಒಳಗೆ, ರೋಮಗಳ ಮರೆಯಲ್ಲಿರುವುದರಿಂದ, ಬೀಸುವ ಬಿಸಿಗಾಳಿ ಅವನ್ನು ನೇರವಾಗಿ ತಾಕದು. ಆದರೆ ಅದರ ಸರ್ವಾಂಗವೂ ವಿಷ. ಎಳೆಮಕ್ಕಳೂ ದನಕರುಗಳೂ ಸುಳಿದಾಡುವ ಅಂಗಳಕ್ಕೆ, ಎಷ್ಟೇ ಸೊಗಸಾಗಿ ಹೂ ಬಿಡಲಿ, ನಾನಂತೂ ಅದನ್ನು ಹೇಳಲಾರೆ.

ಅಲ್ಲಿ ಕಾಗದದ ಹೂವಿನ ಬಳ್ಳಿಯೇ ಲೇಸು. ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಬೇಲಿಗಳಲ್ಲಿ ನೆಲೆನಿಂತ ಈ ಬಳ್ಳಿಯಲ್ಲಿ ನಾವು ಹೂವೆಂದು ಮೆಚ್ಚುವುದು ಬಣ್ಣವೇರಿದ ಎಲೆಗಳನ್ನು. ನಿಜವಾದ ಹೂಗಳು ಅವುಗಳ ನಡುವೆ ಮೂರು ಮೂರಾಗಿ ನಿಂತ ಬಿಳಿಯ ಸಣ್ಣ ಕೊಳವೆಗಳು. ನೀರು ಧಾರಾಳವಾದರೆ ಬರಿಯ ಸೊಪ್ಪಾಗಿ ಹಬ್ಬುವ ಇದು, ಕೊಂಚ ಬಾಯಾರಿಸಿದರೆ ಮೈತುಂಬ ಬಣ್ಣ ತಳೆಯುತ್ತದೆ. ಮಡಗಾಸ್ಕರ್ ಮೂಲದ ನಿತ್ಯಪುಷ್ಪವೂ ಅಷ್ಟೆ: ನೀರು ನಿಲ್ಲದ ನೆಲವೊಂದಿದ್ದರೆ ಗೋಡೆಯ ಬಿರುಕಿನಲ್ಲಿಯೂ ಹೂಬಿಡುತ್ತದೆ.

ದಾಸವಾಳವನ್ನು ಇವುಗಳ ಸಾಲಿಗೆ ಸೇರಿಸಲು ನಾನು ಹಿಂಜರಿಯುತ್ತೇನೆ. ಅದು ಬಿಸಿಲನ್ನು ಸಹಿಸುವುದು ನೀರನ್ನು ಯಥೇಚ್ಛವಾಗಿ ಆವಿಯಾಗಿಸಿ. ಕೊಳಾಯಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ಅದೊಂದು ವಿಲಾಸ. ಮಲ್ಲಿಗೆಯದು ನಡುದಾರಿ. ಅದಕ್ಕೆ ನೀರು ಬೇಕು ನಿಜ, ಆದರೆ ಅದರ ಹೂವಿನ ಸುಗ್ಗಿಯೇ ಬೇಸಿಗೆ. ಒಣಹವೆಯ ಹೂವಿನಹಡಗಲಿಗೆ ಅಷ್ಟೊಂದು ಕೀರ್ತಿ ತಂದ ಗಿಡವನ್ನು ಉಳಿದ ಬಿಸಿಲೂರುಗಳವರು ಬಿಡಬೇಕಾದ ಕಾರಣವಿಲ್ಲ. ಪಾತ್ರೆ ತೊಳೆದ ನೀರು, ಬುಡಕ್ಕೆ ಒಣಎಲೆಯ ಮುಚ್ಚಿಗೆ, ಇಷ್ಟಿದ್ದರೆ ಒಂದೆರಡು ಗಿಡಗಳಿಗೆ ಸಾಕು. ಮಾಳಿಗೆಯ ಮೇಲೆ ಕಪ್ಪು ಪ್ಲಾಸ್ಟಿಕ್ ಕುಂಡಗಳಲ್ಲಿ ಬೆಳೆಸುವವರು ಕುಂಡದ ಮೈಗೆ ನೇರ ಬಿಸಿಲು ಬೀಳದಂತೆ ಗೋಣಿಚೀಲ ಸುತ್ತಬೇಕು. ಎಲೆಗಿಂತ ಬೇರು ತಾಪಕ್ಕೆ ಬೇಗ ಸೋಲುತ್ತದೆ.

ಹೀಗೆ ಆರಿಸಿದ ಗಿಡಗಳನ್ನಾದರೂ ಏಪ್ರಿಲ್ಲಿನಲ್ಲಿ ನೆಡಬಾರದು. ನರ್ಸರಿಯ ನೆರಳುಬಲೆಯ ಕೆಳಗೆ ಬೆಳೆದ ಎಲೆಯ ಹೊರಪೊರೆ ತೆಳುವಾಗಿರುವುದರಿಂದ, ಕಣಗಿಲೆಯೇ ಆದರೂ ಒಮ್ಮೆಲೇ ಬಿಸಿಲಿಗಿಟ್ಟರೆ ಬಾಡುತ್ತದೆ. ಈ ಬೇಸಿಗೆಯನ್ನು ಹೇಗಾದರೂ ಕಳೆಯಿರಿ. ಮೃಗಶಿರಾ ಮಳೆ ಬಿದ್ದು ನೆಲ ತೊಯ್ದ ಮೇಲೆ ಗುಣಿ ತೋಡಿರಿ. ಬರುವ ಏಪ್ರಿಲ್ಲಿನ ಹೊತ್ತಿಗೆ ಬೇರು ಆಳಕ್ಕಿಳಿಯಲು ಹತ್ತು ತಿಂಗಳ ಅವಧಿ ಸಿಗುತ್ತದೆ.