ರಾಡಿಗಿಳಿಯುವ ಟ್ರ್ಯಾಕ್ಟರಿಗೆ ಕಬ್ಬಿಣದ ಗಾಲಿ

ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಿಡುತ್ತಾರೆಂಬ ಸುದ್ದಿ ಬಂತೆಂದರೆ ಗಂಗಾವತಿ, ಕಾರಟಗಿ ಕಡೆಯ ವೆಲ್ಡಿಂಗ್ ಅಂಗಡಿಗಳಿಗೆ ಕೈತುಂಬ ಕೆಲಸ. ಹೋದ ಹಂಗಾಮಿನಲ್ಲಿ ಮುರಿದ ಪಟ್ಟಿಗೆ ಬೆಸುಗೆ ಬೀಳಬೇಕು, ಸೊಟ್ಟಗಾದ ಬಳೆ ನೆಟ್ಟಗಾಗಬೇಕು. ಇವು ಕೇಜ್‌ವೀಲುಗಳು, ಟ್ರ್ಯಾಕ್ಟರಿಗೆ ತೊಡಿಸುವ ಪಂಜರದಂಥ ಕಬ್ಬಿಣದ ಗಾಲಿಗಳು. ಜೀಪಿಗೆ ದಪ್ಪ ಟೈರು ಹಾಕಿಸಿ, ಮುಂದೊಂದು ವಿಂಚ್ ಕೂಡಿಸಿ ಸಕಲೇಶಪುರದ ಗುಡ್ಡ ಹತ್ತುವವರ ಹವ್ಯಾಸಕ್ಕೆ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಗ ಸಿಗುತ್ತದೆ. ರಸ್ತೆ ಬಿಟ್ಟು ಓಡುವುದೇ ದುಡಿಮೆಯಾಗಿರುವ ಟ್ರ್ಯಾಕ್ಟರನ್ನು ರೈತರೂ ವೆಲ್ಡರುಗಳೂ ಸೇರಿ ಹೇಗೆ ಬದಲಾಯಿಸುತ್ತಾರೆ ಎಂಬುದನ್ನು ಬರೆದವರು ಕಡಿಮೆ. ವಿಜ್ಞಾನದ ಕಣ್ಣಿಗೆ ನನಗೆ ಇದೇ ಹೆಚ್ಚು ಸ್ವಾರಸ್ಯದ್ದಾಗಿ ಕಾಣುತ್ತದೆ.

ಮೊದಲು ನೆಲದ ವಿಚಾರ. ಒಣ ಹೊಲದಲ್ಲಿ ಗಾಲಿ ಮಣ್ಣನ್ನು ಹಿಂದಕ್ಕೆ ತಳ್ಳುತ್ತದೆ, ಮಣ್ಣು ಗಾಲಿಯನ್ನು ಮುಂದಕ್ಕೆ ತಳ್ಳುತ್ತದೆ. ಮಣ್ಣು ಎಷ್ಟು ತಡೆದುಕೊಂಡೀತು ಎಂಬುದರ ಲೆಕ್ಕ ಕೊಟ್ಟವರು 18ನೇ ಶತಮಾನದ ಫ್ರೆಂಚ್ ಸೇನಾ ಎಂಜಿನಿಯರ್ ಕೂಲಂಬ್. ವಿದ್ಯುದಾವೇಶದ ನಿಯಮದಿಂದ ಶಾಲೆಯಲ್ಲಿ ನಮಗೆಲ್ಲ ಪರಿಚಯವಾದ ಅದೇ ಕೂಲಂಬ್; ಕೋಟೆ ಕಟ್ಟಿಸುವುದು ಅವರ ಹೊಟ್ಟೆಪಾಡಿನ ಕೆಲಸವಾಗಿತ್ತು. ಅವರ ಪ್ರಕಾರ ಮಣ್ಣಿನ ಬಲ ಎರಡು ಕಡೆಯಿಂದ ಬರುತ್ತದೆ. ಒಂದು, ಕಣಕ್ಕೆ ಕಣ ಉಜ್ಜುವ ಘರ್ಷಣೆ. ಮೇಲೆ ಭಾರ ಹೇರಿದಷ್ಟೂ ಇದು ಹೆಚ್ಚುತ್ತದೆ. ಇನ್ನೊಂದು, ಜೇಡಿಯ ಅಂಟು. ಇದಕ್ಕೆ ಭಾರದ ಹಂಗಿಲ್ಲ, ಗಾಲಿ ಎಷ್ಟು ಅಗಲ ನೆಲ ಹಿಡಿದಿದೆ ಎಂಬುದಷ್ಟೇ ಲೆಕ್ಕ.

ಕುಷ್ಟಗಿಯ ಮಸಾರಿ ಹೊಲದಲ್ಲಿ ಘರ್ಷಣೆಯದೇ ಮೇಲುಗೈ. ಹಿಂದಿನ ಎರಡು ಗಾಲಿಗಳ ಮೇಲೆ 1,300 ಕಿಲೊ ಭಾರವಿದೆ ಎನ್ನಿ, ಘರ್ಷಣೆಯೊಂದರಿಂದಲೇ ಸುಮಾರು 750 ಕಿಲೊ ಎಳೆತ ಸಿಗಬಹುದು. ಅದಕ್ಕೇ ನೇಗಿಲು ಹೊಡೆಯುವವರು ಟ್ಯೂಬಿನೊಳಗೆ ಮುಕ್ಕಾಲು ಭಾಗ ನೀರು ತುಂಬಿಸುತ್ತಾರೆ, ಗಾಲಿಗೆ ಎರಕದ ತೂಕದ ಬಿಲ್ಲೆ ಕಟ್ಟುತ್ತಾರೆ. ಭಾರ ಹೆಚ್ಚಿಸಿದರೆ ಹಿಡಿತ ಹೆಚ್ಚುತ್ತದೆ.

ಅದೇ ಟ್ರ್ಯಾಕ್ಟರನ್ನು ಗಂಗಾವತಿಯ ಭತ್ತದ ಮಡಿಗೆ ಇಳಿಸಿದರೆ ಲೆಕ್ಕ ತಲೆಕೆಳಗು. ನೀರು ನಿಲ್ಲಿಸಿ ಕಲಸಿದ ಎರೆ ಮಣ್ಣಿನಲ್ಲಿ ಕಣಗಳ ನಡುವೆಲ್ಲ ನೀರೇ. ಮೇಲಿನ ಭಾರವನ್ನು ನೀರು ಹೊರುತ್ತದೆ, ಘರ್ಷಣೆ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತದೆ. ಉಳಿಯುವುದು ಅಂಟು ಮಾತ್ರ. ಆ ರಾಡಿ ಚದರ ಮೀಟರಿಗೆ 500 ಕಿಲೊ ತಡೆಯುತ್ತದೆ ಎಂದಿಟ್ಟುಕೊಳ್ಳೋಣ. 13.6-28 ಅಳತೆಯ ಟೈರಿನ ಅಗಲ ಸುಮಾರು 35 ಸೆಂಟಿಮೀಟರ್. ಅದು 60 ಸೆಂ.ಮೀ. ಉದ್ದಕ್ಕೆ ನೆಲ ಹಿಡಿದರೆ ಒಂದು ಗಾಲಿಗೆ ಸಿಗುವುದು 105 ಕಿಲೊ, ಎರಡಕ್ಕೂ ಸೇರಿ 210. ಇಷ್ಟರಲ್ಲಿ ಟ್ರ್ಯಾಕ್ಟರು ತನ್ನನ್ನೇ ಎಳೆದುಕೊಳ್ಳುವುದು ಕಷ್ಟ, ಹಿಂದಿನ ರೋಟವೇಟರಿನ ಮಾತು ಹಾಗಿರಲಿ. ಈ ಲೆಕ್ಕದಲ್ಲಿ ತೂಕ ಎಲ್ಲಿಯೂ ಬರಲಿಲ್ಲ, ಎಚ್‌ಪಿಯೂ ಬರಲಿಲ್ಲ. ‘45 ಎಚ್‌ಪಿ ಸಾಲದು, 55 ತರೋಣ’ ಎನ್ನುವವರು ಇದನ್ನು ಗಮನಿಸಬೇಕು. ಎಂಜಿನ್ ಎಷ್ಟು ದೊಡ್ಡದಾದರೂ ಟೈರು ನಿಂತಲ್ಲೇ ಗುಂಡಿ ತೋಡುತ್ತದೆ, ಅಷ್ಟೆ. ಇಲ್ಲಿ ನೀರು ತುಂಬಿದ ಟ್ಯೂಬನ್ನು ಬರಿದು ಮಾಡುವುದೇ ಮೊದಲ ಸುಧಾರಣೆ. ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳಲ್ಲಿ ಒಂದೇ ಗಾಡಿಗೆ ತದ್ವಿರುದ್ಧ ಚಿಕಿತ್ಸೆ.

ಎರಡನೆಯ ಸುಧಾರಣೆ ಕೇಜ್‌ವೀಲು. ಇದರಲ್ಲಿ ಎರಡು ಬಗೆ. ಹಾಫ್ ವೀಲನ್ನು ಟೈರು ಇದ್ದಂತೆಯೇ ಅದರ ಹೊರಮಗ್ಗುಲಿಗೆ ಬೋಲ್ಟ್ ಹಾಕಿ ಜೋಡಿಸುತ್ತಾರೆ. ಫುಲ್ ವೀಲಿಗೆ ಟೈರನ್ನೇ ಬಿಚ್ಚಿಡಬೇಕು. ಎರಡರ ರಚನೆಯೂ ಸರಳ: ಎರಡು ಮೂರು ಕಬ್ಬಿಣದ ಬಳೆ, ಅವುಗಳ ಮೇಲೆ ಅಡ್ಡಡ್ಡವಾಗಿ ಬೆಸೆದ ಆ್ಯಂಗಲ್ ಪಟ್ಟಿಗಳು. ಮೇಲಿನ ಲೆಕ್ಕಕ್ಕೆ 40 ಸೆಂ.ಮೀ. ಅಗಲದ ಹಾಫ್ ವೀಲು ಸೇರಿಸಿ ನೋಡಿ, 210 ಕಿಲೊ ಇದ್ದದ್ದು 450ಕ್ಕೆ ಏರುತ್ತದೆ.

ಬರೀ ಅಗಲವೇ ಬೇಕಿದ್ದರೆ ಇನ್ನೊಂದು ಟೈರನ್ನೇ ಪಕ್ಕಕ್ಕೆ ಜೋಡಿಸಬಹುದಿತ್ತು. ಪಂಜರದ ಗುಟ್ಟು ಅದರ ಖಾಲಿ ಜಾಗದಲ್ಲಿದೆ. ಎರೆ ಮಣ್ಣಿನ ಜೇಡಿ ಟೈರಿನ ಕಚ್ಚುಗಳ ನಡುವೆ ಮೆತ್ತಿಕೊಂಡು ನಾಲ್ಕೇ ಸುತ್ತಿನಲ್ಲಿ ಅದನ್ನು ನುಣ್ಣನೆಯ ಉರುಳೆ ಮಾಡಿಬಿಡುತ್ತದೆ. ಭತ್ತಕ್ಕೆಂದೇ ಬರುವ ಆಳ ಕಚ್ಚಿನ ಟೈರುಗಳಲ್ಲಿ ಕಚ್ಚಿನ ಎತ್ತರ ಮಾಮೂಲಿಗಿಂತ ಸುಮಾರು ಎರಡು ಪಟ್ಟು. ಅವೂ ತೀರ ಅಂಟಿನಲ್ಲಿ ಸೋಲುತ್ತವೆ. ಪಂಜರದಲ್ಲಿ ಮಣ್ಣು ಪಟ್ಟಿಗಳ ಸಂದಿಯಿಂದ ಒಳಗೆ ಬಿದ್ದು ಹೊರಗೆ ಹೋಗುತ್ತದೆ, ಪ್ರತಿ ಪಟ್ಟಿಯೂ ಹೊಸದಾಗಿ ನೆಲ ಕಚ್ಚುತ್ತದೆ.

ಇನ್ನೂ ಒಂದು ಸಂಗತಿ ಇದೆ. ಗಟ್ಟಿ ನೆಲದಲ್ಲಿ ಗಾಲಿ ನೂರಕ್ಕೆ 10–15ರಷ್ಟು ಜಾರಿದರೆ ಸರಿ, ಅದಕ್ಕಿಂತ ಹೆಚ್ಚಾದರೆ ಡೀಸೆಲ್ ದಂಡ. ಭತ್ತದ ಮಡಿಯಲ್ಲಿ ಜಾರುವುದೂ ಕೆಲಸವೇ. ಜಾರುವ ಪಟ್ಟಿಗಳು ಮಣ್ಣನ್ನು ಕಡೆದು, ಕಳೆಯನ್ನು ಹೂತು, ನಾಟಿಗೆ ಬೇಕಾದ ಹದಕ್ಕೆ ತರುತ್ತವೆ. ಗಾಲಿಯೇ ಉಪಕರಣವಾಗುವ ಇಂಥ ಮಾರ್ಪಾಟು ಜೀಪಿನವರ ಲೋಕದಲ್ಲಿ ನಾನು ಕಂಡಿಲ್ಲ.

ಕಬ್ಬಿಣದ ತೆರೆದ ಗಾಲಿ ಚಂದ್ರನ ಮೇಲೂ ಓಡಿದೆ. ವಾಹನಕ್ಕೂ ನೆಲಕ್ಕೂ ಇರುವ ಸಂಬಂಧವನ್ನೇ ಒಂದು ಶಾಸ್ತ್ರವಾಗಿ ಕಟ್ಟಿ 1956ರಲ್ಲಿ ಗ್ರಂಥ ಬರೆದ, ಪೋಲೆಂಡ್ ಮೂಲದ ಎಂಜಿನಿಯರ್ ಬೆಕ್ಕರ್, 1971ರಲ್ಲಿ ಅಪೊಲೊ 15ರ ಜತೆ ಹೋದ ಚಂದ್ರವಾಹನದ ವಿನ್ಯಾಸಕ್ಕೂ ಕೈಜೋಡಿಸಿದ್ದರು. ಅದರ ಗಾಲಿ ಉಕ್ಕಿನ ತಂತಿಯ ಹೆಣಿಗೆ, ಮೇಲೆ ಟೈಟೇನಿಯಂ ಪಟ್ಟಿ. ಅಲ್ಲಿನ ಧೂಳಿಗೆ ಘರ್ಷಣೆಯೇ ಆಧಾರ, ಅಂಟು ತೀರ ಕಡಿಮೆ. ಗಂಗಾವತಿಯ ರಾಡಿಗೆ ನೇರ ಎದುರು.

ಕೇಜ್‌ವೀಲು ಹಾಕಿದ ಮೇಲೆ ಉಳಿದ ಭಾಗಗಳೂ ಬದಲಾಗಬೇಕು, ಇಲ್ಲದಿದ್ದರೆ ಮೊದಲ ಹಂಗಾಮಿಗೇ ಗ್ಯಾರೇಜು. ಹಾಫ್ ವೀಲು ಹೊರಕ್ಕೆ ಚಾಚಿರುವುದರಿಂದ ಭಾರ ಬೇರಿಂಗಿನಿಂದ ದೂರ ಸರಿದು ಆಕ್ಸಲನ್ನು ಬಗ್ಗಿಸಲು ನೋಡುತ್ತದೆ. ಸೀಲು ಸವೆದಿದ್ದರೆ ಕೆಸರುನೀರು ಒಳಗೆ ಇಳಿಯುತ್ತದೆ. ಡ್ರೈ ಬ್ರೇಕಿನ ಹಳೆಯ ಗಾಡಿಗಳು ಇಲ್ಲಿ ಪಾಡುಪಡುತ್ತವೆ, ಎಣ್ಣೆಯಲ್ಲಿ ಮುಳುಗಿರುವ ಬ್ರೇಕಿನವು ತಾಳುತ್ತವೆ. ಟೂ ವೀಲ್ ಡ್ರೈವ್ ಗಾಡಿಯ ಸಪೂರ ಮುಂಗಾಲಿ ರಾಡಿಯಲ್ಲಿ ರೆಂಟೆಯಂತೆ ಇಳಿದು ಅಡ್ಡಗಟ್ಟುತ್ತದೆ. ಫೋರ್ ವೀಲ್ ಡ್ರೈವಿನಲ್ಲಿ ಅದೂ ತಿರುಗಿ ಮೇಲೆ ಹತ್ತಲು ನೆರವಾಗುತ್ತದೆ.

ಅಪಾಯ ಇರುವುದು ಹೂತುಕೊಂಡ ಗಾಡಿಯನ್ನು ಎಬ್ಬಿಸುವಾಗ. ಅವಸರದಲ್ಲಿ ಹಿಂಗಾಲಿಗೆ ಮರದ ದಿಮ್ಮಿ ಕಟ್ಟಿ ಕ್ಲಚ್ ಬಿಡುವ ರೂಢಿಯಿದೆ. ದಿಮ್ಮಿ ಸಿಕ್ಕಿಕೊಂಡು ಗಾಲಿ ತಿರುಗದೆ ನಿಂತರೂ ಎಂಜಿನ್ನಿನ ತಿರುಚುಬಲ ಎಲ್ಲಿಗಾದರೂ ಹೋಗಲೇಬೇಕಲ್ಲ. ಗಾಲಿ ತಿರುಗದಿದ್ದರೆ ಗಾಲಿಯ ಸುತ್ತ ಟ್ರ್ಯಾಕ್ಟರೇ ತಿರುಗುತ್ತದೆ. ಮೂತಿ ಮೇಲೆದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ. ಎದ್ದ ಮೂತಿ ಮರಳಿ ಬಾರದ ಹಂತ ಮುಟ್ಟಲು ಒಂದು ಸೆಕೆಂಡೂ ಬೇಡ, ಚಾಲಕನಿಗೆ ಕ್ಲಚ್ ಒತ್ತಲೂ ಹೊತ್ತಿರುವುದಿಲ್ಲ. ಉದ್ದ ಸರಪಳಿ ಹಾಕಿ, ಕೆಳಗಿನ ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸುವುದು ಸುರಕ್ಷಿತ. ಆಕ್ಸಲಿಗಿಂತ ಮೇಲೆ ಸರಪಳಿ ಕಟ್ಟಿದರೆ ಎಳೆಯುವ ಗಾಡಿಯೂ ಮಗುಚೀತು.

ರಸ್ತೆಯ ತಕರಾರು ಎಲ್ಲರಿಗೂ ಗೊತ್ತಿರುವುದೇ. ಮಡಿಯಲ್ಲಿ ಅಗಲಕ್ಕೆ ಹಂಚಿಹೋಗುವ ಭಾರ ಡಾಂಬರಿನ ಮೇಲೆ ಒಂದೆರಡು ಪಟ್ಟಿಯಂಚಿನ ಗೆರೆಯಲ್ಲಿ ಕೂಡಿಕೊಂಡು ರಸ್ತೆಯನ್ನು ಕೊರೆಯುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಸ್ತೆಗಿಳಿಯುವ ಟ್ರ್ಯಾಕ್ಟರಿಗೆ ಗಾಳಿ ತುಂಬಿದ ಟೈರು ಇರಲೇಬೇಕು. ಆದರೆ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲವೂ ಫುಲ್ ವೀಲು ಬಿಚ್ಚಿ ಕಟ್ಟುವ ವ್ಯವಧಾನ ಬಾಡಿಗೆ ಚಾಲಕನಿಗೆ ಎಲ್ಲಿಂದ ಬರಬೇಕು? ಬರೀ ದಂಡದಿಂದ ಇದು ನಿಲ್ಲುತ್ತದೆಂದು ನನಗನ್ನಿಸುವುದಿಲ್ಲ. ಬೇಗ ಬಿಚ್ಚಿ ಟ್ರೇಲರಿಗೆ ಹಾಕುವಂಥ ಜೋಡಣೆಯನ್ನು ಅಗ್ಗದಲ್ಲಿ ರೂಪಿಸಿದರೆ ನಿಂತೀತು.

ಯಲಬುರ್ಗಾದ ಎರೆ ಹೊಲದಲ್ಲಿ ಮಾರ್ಪಾಟಿನ ದಿಕ್ಕೇ ಬೇರೆ. ಹಿಂಗಾರಿ ಜೋಳದ 45 ಸೆಂ.ಮೀ. ಸಾಲುಗಳ ನಡುವೆ 35 ಸೆಂ.ಮೀ. ಟೈರು ಓಡಿಸಿದರೆ ಎರಡೂ ಮಗ್ಗುಲಿಗೆ ಐದೈದು ಸೆಂ.ಮೀ. ಅಷ್ಟೇ ಉಳಿಯುತ್ತದೆ. ಎಡೆ ಹೊಡೆಯಬೇಕಾದರೆ ಸಪೂರ ಟೈರು ಹಾಕಬೇಕು, ಗಾಲಿಯ ಡಿಸ್ಕನ್ನು ತಿರುವಿಹಾಕಿ ಎಡಬಲ ಗಾಲಿಗಳ ಅಂತರವನ್ನು ಸಾಲಿಗೆ ಹೊಂದಿಸಬೇಕು. ಕುಷ್ಟಗಿಯ ದಾಳಿಂಬೆ ತೋಟಗಳಿಗೆ ಗಾಡಿಯೇ ಗಿಡ್ಡ, ಕಿರಿದು.

ಮತ್ತೆ ಭತ್ತಕ್ಕೆ ಬರೋಣ. ಕೇಜ್‌ವೀಲು ಮೇಲಿನ ರಾಡಿಯನ್ನಷ್ಟೇ ನಂಬಿ ನಿಂತಿರುವುದಿಲ್ಲ. ವರ್ಷಾನುಗಟ್ಟಲೆ ಕಲಸಿ ತುಳಿದದ್ದರಿಂದ ಮೇಲ್ಮಣ್ಣಿನ ಅಡಿಯಲ್ಲಿ ಒಂದು ಗಟ್ಟಿ ಪದರ ಕೂತಿರುತ್ತದೆ, ಟ್ರ್ಯಾಕ್ಟರಿನ ಭಾರವನ್ನು ಕೊನೆಗೆ ಹೊರುವುದು ಅದು. ನೀರು ಕೆಳಗೆ ಬಸಿಯದಂತೆ ತಡೆಯುವುದೂ ಅದೇ, ಹಾಗಾಗಿ ಭತ್ತಕ್ಕೆ ಬೇಕಾದದ್ದು. ಆದರೆ ನೀರು ನಿಂತು ಜವುಗಾದ ಹೊಲಗಳಲ್ಲಿ ಪದರ ಮೆತ್ತಗಾಗುತ್ತದೆ. ಅಲ್ಲಿ ಭಾರಿ ಗಾಡಿ ಓಡಿದಂತೆ ತಳ ಕೆಳಕೆಳಗೆ ಹೋಗಿ, ಮುಂದಿನ ವರ್ಷ ಇನ್ನೂ ದೊಡ್ಡ ಕೇಜ್‌ವೀಲು ಬೇಕಾಗುತ್ತದೆ. ಜವುಗು ಮತ್ತು ಸವುಳು ಈ ಅಚ್ಚುಕಟ್ಟಿನ ಹಳೆಯ ರೋಗ. ‘ಗಂಗಾವತಿ ಸೋನಾ’ ತಳಿ ಕೊಟ್ಟ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವುಳು ಮಣ್ಣಿನ ಮೇಲೆ ಸಂಶೋಧನೆ ಬಹಳ ಕಾಲದಿಂದ ನಡೆದಿದೆ.

ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ಹೇಳುವ ಕೂರಿಗೆ ಭತ್ತದಲ್ಲಿ ಈ ಇಡೀ ಪ್ರಸಂಗವೇ ಇಲ್ಲ. ಒಣ ಹೊಲದಲ್ಲಿ ಮಾಮೂಲಿ ಟೈರಿನ ಟ್ರ್ಯಾಕ್ಟರಿಗೆ ಕೂರಿಗೆ ಕಟ್ಟಿ ಬಿತ್ತಿದರೆ ಆಯಿತು. ನೀರು, ಡೀಸೆಲ್, ನಾಟಿಯ ಆಳು ಮೂರೂ ಉಳಿಯುತ್ತವೆ. ಕಾಲುವೆಯ ನೀರು ತಡವಾಗಿ ಮುಟ್ಟುವ ಕೊನೆಯಂಚಿನ ಹೊಲಗಳಿಗೆ ಇದು ಹೇಳಿ ಮಾಡಿಸಿದ್ದು. ಆದರೆ ಕಲಸದ ಹೊಲದಲ್ಲಿ ಕಳೆ ಭತ್ತದ ಜತೆಗೇ ಏಳುತ್ತದೆ, ಕಳೆನಾಶಕಕ್ಕೆ ಖರ್ಚು ಬೀಳುತ್ತದೆ. ಕಾಲುವೆಯ ಮೇಲ್ಭಾಗದಲ್ಲಿ ನೀರು ಸಲೀಸಾಗಿ ಸಿಗುವ ರೈತ ಈ ಕಾರಣಕ್ಕೇ ಇನ್ನೂ ಕೇಜ್‌ವೀಲನ್ನು ವೆಲ್ಡಿಂಗ್ ಅಂಗಡಿಗೆ ಹೊತ್ತು ತರುತ್ತಾನೆ.